ಹಳೆಯ ಕಾರಿನಲ್ಲಿ ಹೊಸ ಬ್ಯಾಟರಿಯೂ ಇಳಿದುಹೋಗುತ್ತಿದೆ: ಚಾರ್ಜಿಂಗ್ ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಕಾರ್ಬ್ಯುರೇಟರ್ ಕಾಲದ ಹಳೆಯ ಪೆಟ್ರೋಲ್ ಕಾರು. 12 ವೋಲ್ಟಿನ ವ್ಯವಸ್ಥೆ, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿದೆ), ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ 45 ಆಂಪಿಯರ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ). ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ ಯಾವುದೂ ಇದರಲ್ಲಿಲ್ಲ.

ಇದರ ಬ್ಯಾಟರಿ ಪದೇ ಪದೇ ಇಳಿದುಹೋಗುತ್ತಿದೆ. ಹಗಲಿನಲ್ಲಿ ಓಡಿಸಿ ನಿಲ್ಲಿಸಿದರೆ ಮರುದಿನ ಸೆಲ್ಫ್ ಚೆನ್ನಾಗಿಯೇ ಎಳೆಯುತ್ತದೆ. ಆದರೆ ರಾತ್ರಿ ಹೊತ್ತು ಹೆಡ್‌ಲೈಟ್ ಹಾಕಿಕೊಂಡು, ಬ್ಲೋವರ್ ಕೂಡ ಓಡಿಸುತ್ತ ಹೋಗಿ ಬಂದರೆ ಮರುದಿನ ಬೆಳಿಗ್ಗೆ ಸೆಲ್ಫ್ ಒಂದೆರಡು ಸುತ್ತು ನಿಧಾನವಾಗಿ ತಿರುಗಿ ನಿಂತುಬಿಡುತ್ತದೆ, ಆಮೇಲೆ ತಳ್ಳಿಯೇ ಸ್ಟಾರ್ಟ್ ಮಾಡಬೇಕಾಗುತ್ತದೆ. ಮೊದಲು ಬ್ಯಾಟರಿ ಹಳೆಯದಾಯಿತೆಂದು ಹೊಸದನ್ನು ಹಾಕಿಸಿದೆ. ಕೆಲವು ವಾರ ಸರಿಯಿದ್ದು ಮತ್ತೆ ಅದೇ ತೊಂದರೆ ಶುರುವಾಯಿತು. ಅನಂತರ ಆಲ್ಟರ್ನೇಟರನ್ನು ಬಿಚ್ಚಿಸಿ ಕಾರ್ಬನ್ ಬ್ರಷ್ ಮತ್ತು ಬೇರಿಂಗ್ ಬದಲಾಯಿಸಲಾಯಿತು. ಬೆಂಚಿನ ಮೇಲೆ ಓಡಿಸಿ ನೋಡಿದಾಗ ಅದು ಚೆನ್ನಾಗಿಯೇ ಚಾರ್ಜ್ ಕೊಡುತ್ತಿತ್ತು. ಈಗ ಕೆಲಸ ಮಾಡಿದವರು ಇಡೀ ಆಲ್ಟರ್ನೇಟರನ್ನೇ ಬದಲಾಯಿಸುವುದು ಒಳ್ಳೆಯದು ಎನ್ನುತ್ತಿದ್ದಾರೆ.

ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟು ನಾನೇ ನೋಡಿದ ಅಳತೆಗಳು ಹೀಗಿವೆ: ರಾತ್ರಿ ಓಡಿಸಿದ ಮರುದಿನ ಬೆಳಿಗ್ಗೆ, ಏನನ್ನೂ ಆನ್ ಮಾಡುವ ಮೊದಲು 12.2 ವೋಲ್ಟ್, ಎಂಜಿನ್ ಸ್ಟಾರ್ಟ್ ಆದ ಮೇಲೆ ಲೈಟುಗಳಿಲ್ಲದೆ 13.6 ವೋಲ್ಟ್; ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದಾಗ, ಎಂಜಿನ್ ವೇಗ ಹೆಚ್ಚಿಸಿದರೂ 13.0 ವೋಲ್ಟಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆರುತ್ತದೆ, ಆದರೆ ಕತ್ತಲೆಯಲ್ಲಿ ಹೆಡ್‌ಲೈಟ್ ಹಾಕಿದಾಗ ಅದರೊಳಗೆ ಬಹಳ ಮಂದವಾದ ಕೆಂಪು ಕಾಣುತ್ತದೆ. ಹಗಲಿನಲ್ಲಿ ಕೈ ಅಡ್ಡ ಹಿಡಿದು ನೋಡಿದರೂ ಕಾಣುವುದಿಲ್ಲ.

ಆಲ್ಟರ್ನೇಟರನ್ನು ಬದಲಾಯಿಸಲೇಬೇಕೆ? ಅದಕ್ಕೆ ಮುಂಚೆ ದೋಷ ಅದರಲ್ಲಿಯೇ ಇದೆ ಎಂದು ಖಚಿತಪಡಿಸಿಕೊಳ್ಳುವ ದಾರಿ ಯಾವುದು? ಗಾಡಿ ನಿಂತಿರುವಾಗ ಯಾವುದೋ ಸರ್ಕ್ಯೂಟ್ ಬ್ಯಾಟರಿಯನ್ನು ಹೀರುತ್ತಿರಬಹುದೆ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಮಸ್ಕಾರ ಸರ್. ನೀವು ಕೊಟ್ಟ ಅಳತೆಗಳಲ್ಲಿ, ಮುಖ್ಯವಾಗಿ ಆ ಮಂದ ದೀಪದ ವಿವರದಲ್ಲಿ, ಉತ್ತರದ ಅರ್ಧ ಭಾಗ ಆಗಲೇ ಇದೆ ಎಂದು ನನಗನ್ನಿಸುತ್ತದೆ. ಆಲ್ಟರ್ನೇಟರನ್ನು ಈಗಲೇ ಬದಲಾಯಿಸಬೇಡಿ.

ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಪೂರ್ತಿ ಚಾರ್ಜ್ ಮಾಡಿ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಇಟ್ಟುಕೊಂಡು ಮಾಡುವ ಯಾವ ಚಾರ್ಜಿಂಗ್ ಪರೀಕ್ಷೆಯನ್ನೂ ನಂಬುವುದಕ್ಕಾಗುವುದಿಲ್ಲ. ಚಾರ್ಜ್ ಆದ ಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ 12.6 ಅಥವಾ 12.7 ವೋಲ್ಟ್ ಇರಬೇಕು. 12.4 ಎಂದರೆ ಸುಮಾರು ಮುಕ್ಕಾಲು ಭಾಗ, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಚಾರ್ಜ್ ಉಳಿದಿದೆ ಎಂದು ತಿಳಿಯಬಹುದು. ನಿಮ್ಮ ಹೊಸ ಬ್ಯಾಟರಿ ಬೆಳಿಗ್ಗೆ ಅರ್ಧಕ್ಕೆ ಇಳಿದಿರುತ್ತದೆ ಎಂದಾಯಿತು. ಬ್ಯಾಟರಿಗೆ ಮುಚ್ಚಳಗಳಿದ್ದರೆ ಹೈಡ್ರೋಮೀಟರಿನಿಂದ ಆರೂ ಸೆಲ್‌ಗಳ ಆಸಿಡ್ ಸಾಂದ್ರತೆಯನ್ನು ನೋಡಿ. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ ಅದು 1.265ರಿಂದ 1.280ರವರೆಗೆ ಇರುತ್ತದೆ, ಸೆಲ್‌ಗಳ ನಡುವಿನ ವ್ಯತ್ಯಾಸ 0.050ಕ್ಕಿಂತ ಹೆಚ್ಚಾದರೆ ಬ್ಯಾಟರಿಯೇ ಕೆಟ್ಟಿದೆ ಎಂದು ತೀರ್ಮಾನಿಸಬಹುದು. ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಪೋಸ್ಟುಗಳ ನಡುವೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಅರ್ಧ ಖಾಲಿಯಾದ ಸ್ಥಿತಿಯಲ್ಲಿ ಹೆಚ್ಚು ದಿನ ಕಳೆದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಆದ್ದರಿಂದ ಹೊಸದೆಂಬ ಕಾರಣಕ್ಕೆ ಈ ಪರೀಕ್ಷೆಯನ್ನು ಬಿಡಬೇಡಿ.

ಅನಂತರ ಬೆಲ್ಟನ್ನು ನೋಡಿ. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ 10ರಿಂದ 12 ಮಿಲಿಮೀಟರಿನಷ್ಟು ತಗ್ಗಿದರೆ ಸಾಕು. ಬೆಲ್ಟಿನ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ, ಅಥವಾ ಸವೆದ ಬೆಲ್ಟ್ ಪುಲ್ಲಿಯ ತೋಡಿನ ತಳಕ್ಕೆ ತಾಗುವಷ್ಟು ಕೆಳಗಿಳಿದಿದ್ದರೆ, ಎಷ್ಟು ಬಿಗಿ ಮಾಡಿದರೂ ಭಾರ ಬಿದ್ದಾಗ ಅದು ಜಾರುತ್ತದೆ. ವಿ ಬೆಲ್ಟಿನ ಹಿಡಿತ ಇರುವುದು ಅದರ ಪಕ್ಕಗಳಲ್ಲಿಯೇ ಹೊರತು ತಳದಲ್ಲಿ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಚಿನ ಮೇಲೆ ಸರಿಯಿರುವ ಆಲ್ಟರ್ನೇಟರ್ ಗಾಡಿಯಲ್ಲಿ ಕೂಡಿಸಿದಾಗ ಏಕೆ ಸೋಲುತ್ತದೆ ಎಂದರೆ, ಬೆಂಚಿನ ಮೇಲೆ ನಿಮ್ಮ ಗಾಡಿಯ ವೈರು, ಕನೆಕ್ಟರು, ಲಗ್ಗು, ಅರ್ತ್ ಪಟ್ಟಿ ಯಾವುದೂ ಇರುವುದಿಲ್ಲ. ಅಲ್ಲಿ ಪರೀಕ್ಷೆಯಾದದ್ದು ಯಂತ್ರ ಮಾತ್ರ, ಕರೆಂಟ್ ಬ್ಯಾಟರಿಯವರೆಗೆ ಬರುವ ದಾರಿ ಅಲ್ಲ. ಈ ದಾರಿಯನ್ನು ಓಮ್ ರೇಂಜಿನಲ್ಲಿ ಅಳೆಯಲು ಹೋದರೂ ಪ್ರಯೋಜನವಿಲ್ಲ. ಹತ್ತು ಎಳೆಯ ಸೇದುವ ಹಗ್ಗದಲ್ಲಿ ಒಂಬತ್ತು ಎಳೆ ಹರಿದಿದ್ದರೂ ಖಾಲಿ ಕೊಡ ಮೇಲೆ ಬಂದೇ ಬರುತ್ತದೆ. ಹಗ್ಗದ ಯೋಗ್ಯತೆ ತಿಳಿಯುವುದು ತುಂಬಿದ ಕೊಡ ಎಳೆದಾಗ. ಮೀಟರ್ ಓಮ್ ಅಳೆಯುವಾಗ ಕಳಿಸುವ ಕರೆಂಟ್ ಖಾಲಿ ಕೊಡದಷ್ಟು ಹಗುರ. ಹಾಗಾಗಿ ವೈರಿನಲ್ಲಿ ನಿಜವಾದ ಭಾರ ಹರಿಯುತ್ತಿರುವಾಗಲೇ ವೋಲ್ಟೇಜ್ ಇಳಿತವನ್ನು ಅಳೆಯಬೇಕು.

ಅದನ್ನು ಹೀಗೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ ಹಿಡಿಯಲು ಒಬ್ಬರನ್ನು ಕೂಡಿಸಿ. ಹೆಡ್‌ಲೈಟಿನ ಹೈ ಬೀಮ್ ಮತ್ತು ಬ್ಲೋವರ್ ಆನ್ ಇರಲಿ. ಮೀಟರ್ ಡಿಸಿ ವೋಲ್ಟ್ ರೇಂಜಿನಲ್ಲಿರಲಿ. ಮೊದಲು ಬ್ಯಾಟರಿಯ ಎರಡು ಪೋಸ್ಟುಗಳ ನಡುವೆ ಅಳೆಯಿರಿ. ಮೊನೆಯನ್ನು ಕ್ಲಾಂಪಿಗೆ ತಾಗಿಸದೆ ಸೀಸದ ಪೋಸ್ಟಿಗೇ ತಾಗಿಸಬೇಕು. ಆಮೇಲೆ ಆಲ್ಟರ್ನೇಟರಿನ ಬಿ ಪ್ಲಸ್ ಸ್ಟಡ್ (ಚಾರ್ಜ್ ಹೊರಬರುವ ದಪ್ಪ ಟರ್ಮಿನಲ್) ಮತ್ತು ಅದರ ಲೋಹದ ಕವಚದ ನಡುವೆ ಅಳೆಯಿರಿ. ಮೂರನೆಯದಾಗಿ ಒಂದು ಮೊನೆಯನ್ನು ಬಿ ಪ್ಲಸ್ ಸ್ಟಡ್ಡಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಪೋಸ್ಟಿಗೆ ಇಡಿ. ಇಲ್ಲಿ ಬರುವ ಅಂಕಿಯೇ ಪಾಸಿಟಿವ್ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್, ಅದು 0.3ಕ್ಕಿಂತ ಕಡಿಮೆ ಇರಬೇಕು. ನಾಲ್ಕನೆಯದು ಆಲ್ಟರ್ನೇಟರಿನ ಕವಚ ಮತ್ತು ಬ್ಯಾಟರಿಯ ನೆಗೆಟಿವ್ ಪೋಸ್ಟ್ ನಡುವೆ, ಇಲ್ಲಿ 0.2 ದಾಟಬಾರದು. ಮೂರನೆಯ ಮತ್ತು ನಾಲ್ಕನೆಯ ಅಂಕಿಗಳನ್ನು ಕೂಡಿದರೆ ಮೊದಲೆರಡು ಅಳತೆಗಳ ವ್ಯತ್ಯಾಸ ಬರಲೇಬೇಕು. ಬಾರದಿದ್ದರೆ ಯಾವುದೋ ಮೊನೆ ಸರಿಯಾಗಿ ತಾಗಿಲ್ಲ ಎಂದರ್ಥ.

ಮಂದವಾಗಿ ಉರಿಯುವ ದೀಪದ ವಿಚಾರ. ಆ ಬಲ್ಬಿನ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಆಲ್ಟರ್ನೇಟರಿನ ಡಿ ಪ್ಲಸ್ ಅಥವಾ ಎಲ್ ಎಂದು ಗುರುತಿಸಿದ ಟರ್ಮಿನಲ್ಲಿಗೆ ಸೇರಿರುತ್ತದೆ. ಎಂಜಿನ್ ನಿಂತಿರುವಾಗ ಬಲ್ಬಿನ ಮೂಲಕ ಹರಿಯುವ ಸಣ್ಣ ಕರೆಂಟೇ ರೋಟರಿಗೆ (ಆಲ್ಟರ್ನೇಟರಿನೊಳಗೆ ತಿರುಗುವ ಸುರುಳಿಗೆ) ಮೊದಲ ಕಾಂತಶಕ್ತಿಯನ್ನು ಕೊಡುತ್ತದೆ. ಆಲ್ಟರ್ನೇಟರ್ ತಿರುಗಿ ಚಾರ್ಜ್ ಕೊಡತೊಡಗಿದಾಗ ಎರಡೂ ತುದಿಗಳಲ್ಲಿ ಸಮಾನ ವೋಲ್ಟೇಜ್ ಬಂದು ಬಲ್ಬ್ ಆರುತ್ತದೆ. ಅದು ಮಂದವಾಗಿ ಉರಿಯುತ್ತಿದೆ ಎಂದರೆ ಎರಡು ತುದಿಗಳ ನಡುವೆ ಒಂದು ವೋಲ್ಟಿನಷ್ಟು ವ್ಯತ್ಯಾಸ ಉಳಿದಿದೆ. ಇದಕ್ಕೆ ಮೂರು ಕಾರಣಗಳಿರಬಹುದು: ಬಿ ಪ್ಲಸ್‌ನಿಂದ ಬ್ಯಾಟರಿಗೆ ಬರುವ ವೈರಿನಲ್ಲಿ ಇಳಿತ, ಇಗ್ನಿಷನ್ ಸ್ವಿಚ್ ಅಥವಾ ಫ್ಯೂಸ್ ಬಾಕ್ಸಿನಲ್ಲಿ ಇಳಿತ, ಇಲ್ಲವೇ ಆಲ್ಟರ್ನೇಟರಿನೊಳಗೆ ಡಿ ಪ್ಲಸ್‌ಗೆ ವಿದ್ಯುತ್ ಕೊಡುವ ಮೂರು ಸಣ್ಣ ಡಯೋಡುಗಳಲ್ಲಿ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳಲ್ಲಿ) ಒಂದು ಸತ್ತಿರುವುದು. ಎಂಜಿನ್ ಓಡುತ್ತಿರುವಾಗಲೇ ಬಿ ಪ್ಲಸ್ ಮತ್ತು ಡಿ ಪ್ಲಸ್ ಎರಡನ್ನೂ ಆಲ್ಟರ್ನೇಟರಿನ ಕವಚದಿಂದ ಅಳೆದು ಹೋಲಿಸಿ. ಎರಡೂ ಸಮವಾಗಿದ್ದರೆ ತಪ್ಪು ಯಂತ್ರದ್ದಲ್ಲ, ಹೊರಗಿನ ವೈರಿಂಗಿನದು. ಡಿ ಪ್ಲಸ್ ಅರ್ಧ ವೋಲ್ಟಿಗಿಂತ ಹೆಚ್ಚು ಕೆಳಗಿದ್ದರೆ ಮಾತ್ರ ಯಂತ್ರವನ್ನು ಬಿಚ್ಚಿ.

ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ ಎಂದು ಹೇಳುವ ರೂಢಿ ಇನ್ನೂ ಇದೆ. ಯಾರು ಹೇಳಿದರೂ ಅದನ್ನು ಮಾಡಬೇಡಿ. ಬ್ಯಾಟರಿಯ ಭಾರ ಒಮ್ಮೆಲೇ ತಪ್ಪಿದ ಕ್ಷಣದಲ್ಲಿ ವೋಲ್ಟೇಜ್ ಹಲವು ಪಟ್ಟು ಮೇಲಕ್ಕೆ ಜಿಗಿಯುತ್ತದೆ, ಡಯೋಡುಗಳೂ ರೆಗ್ಯುಲೇಟರೂ ಅಲ್ಲಿಯೇ ಸುಟ್ಟುಹೋಗಬಹುದು.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ನಿಂತಿರುವಾಗ ಬ್ಯಾಟರಿ ಸೋರುತ್ತಿದೆಯೆ ಎಂದು ಕೇಳಿದ್ದೀರಿ, ಅದರ ಬಗ್ಗೆ ಬರೆಯುತ್ತೇನೆ.

ನಿಮ್ಮ ಕಾರಿನ ಬ್ಯಾಟರಿ 45 ಆಂಪಿಯರ್ ಅವರ್‌ನದು ಎಂದು ಇಟ್ಟುಕೊಳ್ಳೋಣ. ಡಿಕ್ಕಿಯೊಳಗಿನ 5 ವ್ಯಾಟಿನ ಬಲ್ಬೊಂದು ಆರದೆ ಉರಿಯುತ್ತಲೇ ಇದ್ದರೆ ಅದು ಎಳೆಯುವುದು 0.4 ಆಂಪಿಯರ್, ಹತ್ತು ಗಂಟೆಗೆ 4 ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಿಂದ ಒಂದೇ ರಾತ್ರಿಯಲ್ಲಿ ಸೆಲ್ಫ್ ನಿಂತುಹೋಗುವುದಿಲ್ಲ. ಅಲ್ಲದೆ ಹಗಲು ಓಡಿಸಿದ ಮರುದಿನ ನಿಮಗೆ ತೊಂದರೆ ಇಲ್ಲ ಎಂದಿದ್ದೀರಿ. ಸೋರಿಕೆಯೇ ಕಾರಣವಾಗಿದ್ದರೆ ಅದು ಹಗಲು, ರಾತ್ರಿ ಎಂಬ ಭೇದ ಮಾಡುತ್ತಿರಲಿಲ್ಲ. ಹಾಗಾಗಿ ನನ್ನ ಅನುಮಾನವೂ ಚಾರ್ಜ್ ಬರುವ ದಾರಿಯ ಮೇಲೆಯೇ. ಆದರೂ ಅಳೆದು ನೋಡಿಬಿಟ್ಟರೆ ಆ ಸಂಶಯ ತೀರುತ್ತದೆ.

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಬಾಗಿಲುಗಳನ್ನೆಲ್ಲ ಮುಚ್ಚಿ. ಬಾನೆಟ್ಟಿನೊಳಗೆ ದೀಪವಿದ್ದರೆ ಅದರ ಬಲ್ಬನ್ನು ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ, ಪೋಸ್ಟ್ ಮತ್ತು ಕೇಬಲ್ ನಡುವೆ ಸೇರಿಸಿ. ಮೀಟರ್ ಹೀಗೆ ಸೇರಿರುವಾಗ ಮರೆತು ಕೂಡ ಸೆಲ್ಫ್ ಹೊಡೆಯಬಾರದು, ಇಗ್ನಿಷನ್ ಆನ್ ಮಾಡಬಾರದು. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಮೀಟರಿನ ಮೂಲಕ ಹೋಗಲು ಯತ್ನಿಸುತ್ತದೆ. ಗಡಿಯಾರ ಬಿಟ್ಟರೆ ಬೇರೇನೂ ಇಲ್ಲದ ಇಂಥ ಹಳೆಯ ಗಾಡಿಯಲ್ಲಿ 20 ಮಿಲಿ ಆಂಪಿಯರಿನೊಳಗೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೆಯೋ ಆ ಸರ್ಕ್ಯೂಟನ್ನು ಹಿಡಿಯಿರಿ. ಎಲ್ಲ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ಬಿ ಪ್ಲಸ್ ವೈರ್ ಬಿಚ್ಚಿ ನೋಡಬೇಕು, ಏಕೆಂದರೆ ಆ ವೈರ್ ಸಾಮಾನ್ಯವಾಗಿ ಫ್ಯೂಸ್ ಬಾಕ್ಸಿನ ಮೂಲಕ ಹೋಗುವುದಿಲ್ಲ. ಮುಖ್ಯ ಡಯೋಡೊಂದು ಸೋರತೊಡಗಿದರೆ ಬ್ಯಾಟರಿಯ ವಿದ್ಯುತ್ ಹಿಮ್ಮುಖವಾಗಿ ಸ್ಟೇಟರಿನ (ಆಲ್ಟರ್ನೇಟರಿನ ಅಲುಗದ ಸುರುಳಿಗಳ) ಮೂಲಕ ಹರಿಯುತ್ತದೆ. ಬೆಳಿಗ್ಗೆ, ರಾತ್ರಿಯೆಲ್ಲ ನಿಂತ ಗಾಡಿಯ ಎಂಜಿನ್ ತಣ್ಣಗಿದ್ದು ಆಲ್ಟರ್ನೇಟರ್ ಮಾತ್ರ ಕೈಗೆ ಬೆಚ್ಚಗೆ ತಾಗಿದರೆ ಬೇರೆ ಪುರಾವೆ ಬೇಕಾಗಿಲ್ಲ.

ಡಯೋಡುಗಳನ್ನು ಬಿಚ್ಚದೆ ಪರೀಕ್ಷಿಸಲು ಇನ್ನೊಂದು ಸುಲಭ ಮಾರ್ಗವಿದೆ. ಎಂಜಿನ್ ಓಡುತ್ತಿರುವಾಗ, ಲೈಟುಗಳನ್ನು ಹಾಕಿ, ಮೀಟರನ್ನು ಎಸಿ ವೋಲ್ಟ್ ರೇಂಜಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆಯಿರಿ. 0.1 ವೋಲ್ಟಿಗಿಂತ ಕಡಿಮೆಯಿದ್ದರೆ ಒಳ್ಳೆಯದು, 0.5ಕ್ಕೆ ಏರಿದರೆ ಡಯೋಡ್ ಹೋಗಿದೆ ಎಂದು ತಿಳಿಯಬಹುದು. ಕೆಲವು ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ಎಣಿಸಿ ತಪ್ಪು ಅಂಕಿ ತೋರಿಸುತ್ತವೆ. ಎಂಜಿನ್ ನಿಂತಿರುವಾಗ ಅದೇ ರೇಂಜಿನಲ್ಲಿ ಬ್ಯಾಟರಿಯನ್ನು ಅಳೆದಾಗ ಸೊನ್ನೆ ಬರುವ ಮೀಟರನ್ನೇ ನಂಬಿ.

ಉತ್ತರ 3

ಈ ಚರ್ಚೆಯನ್ನು ಇನ್ನೂ ಹಳೆಯ ಗಾಡಿ ಇಟ್ಟುಕೊಂಡವರೂ ಓದುತ್ತಾರಾದ್ದರಿಂದ ಆಲ್ಟರ್ನೇಟರಿಗಿಂತ ಮುಂಚೆ ಚಾರ್ಜಿಂಗಿಗೆ ಬಳಸುತ್ತಿದ್ದ ಡೈನಮೊ ಇರುವ ವಾಹನಗಳ ಬಗ್ಗೆಯೂ ಬರೆದಿಡುತ್ತೇನೆ. ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಕೊಟ್ಟ ನಂತರ, ಆ ದಶಕದಲ್ಲಿ ಉಳಿದ ತಯಾರಕರೂ ಒಬ್ಬೊಬ್ಬರಾಗಿ ಅದಕ್ಕೆ ಬದಲಾದರು. ಸಿಲಿಕಾನ್ ಡಯೋಡ್ ಕೈಗೆಟುಕುವಂತಾದದ್ದರಿಂದ ಇದು ಸಾಧ್ಯವಾಯಿತು. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಇರುವುದು ಡೈನಮೊ ಮತ್ತು ಪ್ರತ್ಯೇಕ ಕಟ್‌ಔಟ್ ಪೆಟ್ಟಿಗೆ (ಡೈನಮೊ ಚಾರ್ಜ್ ಕೊಡದಿರುವಾಗ ಅದನ್ನು ಬ್ಯಾಟರಿಯಿಂದ ಬೇರ್ಪಡಿಸುವ ಸ್ವಿಚ್).

ಡೈನಮೊ ಐಡ್ಲಿಂಗಿನಲ್ಲಿ ಬಹುಮಟ್ಟಿಗೆ ಏನನ್ನೂ ಕೊಡುವುದಿಲ್ಲ. ಅಲ್ಲಿ ಚಾರ್ಜಿಂಗ್ ದೀಪ ಮಿಣುಕುವುದು ದೋಷವಲ್ಲ. ಅದನ್ನು ಪರೀಕ್ಷಿಸಲು ಡಿ (ಚಾರ್ಜ್ ಹೊರಬರುವ) ಮತ್ತು ಎಫ್ (ಫೀಲ್ಡ್ ಸುರುಳಿಯ) ವೈರುಗಳನ್ನು ಬಿಚ್ಚಿ, ಡೈನಮೊದ ಎರಡು ಟರ್ಮಿನಲ್ಲುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಅಲ್ಲಿಂದ ಕವಚಕ್ಕೆ ವೋಲ್ಟ್‌ಮೀಟರ್ ಹಿಡಿದು ಎಂಜಿನ್ ವೇಗವನ್ನು ಬಹಳ ನಿಧಾನವಾಗಿ ಹೆಚ್ಚಿಸಬೇಕು. ಮುಳ್ಳು ಅಲುಗದೆ ವೇಗವಾಗಿ ಏರಿದರೆ ಡೈನಮೊ ಸರಿಯಿದೆ. 20 ವೋಲ್ಟ್ ತಲುಪುವುದರೊಳಗೆ ವೇಗ ಇಳಿಸಿಬಿಡಿ. ಏನೂ ಏರದಿದ್ದರೆ ಬ್ರಷ್ ಕಡೆ ನೋಡಿ, ಒಂದು ವೋಲ್ಟಿನ ಸುತ್ತ ನಿಂತರೆ ಫೀಲ್ಡ್ ಸುರುಳಿಯನ್ನು ನೋಡಿ. ಡೈನಮೊ ಬಿಚ್ಚಿ ಮತ್ತೆ ಕೂಡಿಸಿದಾಗ ಕೆಲವೊಮ್ಮೆ ಎಫ್ ಟರ್ಮಿನಲ್ಲಿಗೆ ಬ್ಯಾಟರಿಯ ವೈರನ್ನು ಕ್ಷಣಕಾಲ ಮುಟ್ಟಿಸಿ ಧ್ರುವತೆಯನ್ನು ಸರಿಪಡಿಸಬೇಕಾಗುತ್ತದೆ, ಆದರೆ ಹೇಗೆ ಮುಟ್ಟಿಸಬೇಕೆಂಬುದು ಆಯಾ ರೆಗ್ಯುಲೇಟರಿನ ಜೋಡಣೆಯನ್ನು ಅವಲಂಬಿಸಿದೆ. ಆ ಕಾಲದ ಹಲವು ಗಾಡಿಗಳು ಪಾಸಿಟಿವ್ ಅರ್ತ್ ಎಂಬುದನ್ನು ನೋಡಿಕೊಂಡೇ ಕೈ ಹಾಕಿ. ಮುಟ್ಟಿಸುವ ಈ ಕೆಲಸವನ್ನು ಆಲ್ಟರ್ನೇಟರಿಗೆ ಎಂದಿಗೂ ಮಾಡಬಾರದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಒಂದು ದಿನ ಬಿಟ್ಟು ಅಳೆದಾಗ 12.7 ವೋಲ್ಟ್ ಇತ್ತು. ಸೆಲ್‌ಗಳ ಸಾಂದ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಲ್ಟ್ ಹೊಸದು, ಬಿಗಿಯೂ ಸರಿಯಿದೆ. ನಿಂತಿರುವಾಗ ಎಳೆಯುತ್ತಿರುವುದು 15 ಮಿಲಿ ಆಂಪಿಯರ್. ಗಡಿಯಾರದ ಫ್ಯೂಸ್ ತೆಗೆದರೆ ಅದೂ ಇಲ್ಲ. ಎಸಿ ಅಳತೆ 0.04 ವೋಲ್ಟ್.

ಲೈಟು, ಬ್ಲೋವರ್ ಹಾಕಿ 2000 ಸುತ್ತಿನಲ್ಲಿ ಅಳೆದ ಅಂಕಿಗಳು: ಬ್ಯಾಟರಿಯ ಮೇಲೆ 13.0, ಆಲ್ಟರ್ನೇಟರಿನ ಮೇಲೆ 14.2. ಬಿ ಪ್ಲಸ್‌ನಿಂದ ಬ್ಯಾಟರಿಯ ಪಾಸಿಟಿವ್ ಪೋಸ್ಟಿಗೆ 0.95, ಕವಚದಿಂದ ನೆಗೆಟಿವ್ ಪೋಸ್ಟಿಗೆ 0.25. ಡಿ ಪ್ಲಸ್ ಕೂಡ 14.2 ವೋಲ್ಟೇ ಇದೆ. ಹಾಗಾದರೆ ಆಲ್ಟರ್ನೇಟರ್ ಸರಿಯಿದೆ ಎಂದೇ ತಿಳಿಯಬೇಕೆ? 14.2 ವೋಲ್ಟ್ ತಯಾರಿಸುವ ಯಂತ್ರ, ಬ್ಯಾಟರಿಗೆ ಕಡಿಮೆ ತಲುಪುತ್ತಿದೆ ಎಂದು ಅರಿತು ಇನ್ನಷ್ಟು ಕೊಡುವುದಿಲ್ಲವೇಕೆ?

ಉತ್ತರ 1 ಬರೆದವರು

ಆಲ್ಟರ್ನೇಟರ್ ಸರಿಯಿದೆ, ಸರ್. ಅದನ್ನು ಮುಟ್ಟಬೇಡಿ.

ನಿಮ್ಮ ರೆಗ್ಯುಲೇಟರ್ ವೋಲ್ಟೇಜನ್ನು ಅಳೆಯುವುದು ತನ್ನ ಬಳಿಯಲ್ಲೇ, ಯಂತ್ರದ ಒಳಗೇ. ಅಲ್ಲಿ 14.2 ಕಂಡ ಕೂಡಲೇ ಅದು ರೋಟರಿನ ಕರೆಂಟನ್ನು ಕಡಿಮೆ ಮಾಡುತ್ತದೆ. ವೈರಿನ ಆ ತುದಿಯಲ್ಲಿ ಬ್ಯಾಟರಿಗೆ 13.0 ಮಾತ್ರ ಸಿಗುತ್ತಿದೆ ಎಂಬುದು ಅದಕ್ಕೆ ತಿಳಿಯುವ ಮಾರ್ಗವೇ ಇಲ್ಲ. 13.0 ವೋಲ್ಟಿನಲ್ಲಿ ಬ್ಯಾಟರಿಯೊಳಗೆ ಹೋಗುವ ಕರೆಂಟ್ ಹೆಸರಿಗಷ್ಟೇ. ಸ್ಟಾರ್ಟ್ ಮಾಡುವಾಗ ಖರ್ಚಾದದ್ದು ವಾಪಸ್ಸು ಬರುವುದಿಲ್ಲ, ಜೊತೆಗೆ ಐಡ್ಲಿಂಗಿನಲ್ಲಿ ಗಾಡಿ ನಿಂತಾಗಲೆಲ್ಲ ಆಲ್ಟರ್ನೇಟರ್ ತನ್ನ ಸಾಮರ್ಥ್ಯದ ಒಂದು ಪಾಲನ್ನಷ್ಟೇ ಕೊಡುವುದರಿಂದ ಲೈಟುಗಳು ಬ್ಯಾಟರಿಯನ್ನೇ ತಿನ್ನುತ್ತವೆ. ಹಗಲಿನಲ್ಲಿ ಭಾರ ಕಡಿಮೆ, ಆದ್ದರಿಂದ ಇಳಿತವೂ ಕಡಿಮೆ. ನಿಮ್ಮ ಗಾಡಿಗೆ ರಾತ್ರಿ ಮಾತ್ರ ಕಾಯಿಲೆ ಬರುವುದು ಇದೇ ಕಾರಣಕ್ಕೆ.

ಆ 0.95 ಎಲ್ಲಿದೆ ಎಂದು ಹುಡುಕುವುದು ಮುಂದಿನ ಕೆಲಸ. ಹೈ ಬೀಮ್ ಹೆಡ್‌ಲೈಟುಗಳೆರಡು 120 ವ್ಯಾಟ್, ಅಂದರೆ 9 ಆಂಪಿಯರಿಗಿಂತ ಹೆಚ್ಚು. ಬ್ಲೋವರ್, ಇಗ್ನಿಷನ್, ಹಿಂದಿನ ದೀಪಗಳು ಸೇರಿದರೆ ಆ ವೈರಿನಲ್ಲಿ 25 ಆಂಪಿಯರ್ ಹರಿಯುತ್ತಿದೆ ಎಂದು ಅಂದಾಜು ಮಾಡಬಹುದು. 0.95 ವೋಲ್ಟಿಗೆ 25 ಆಂಪಿಯರ್ ಎಂದರೆ ಸುಮಾರು 24 ವ್ಯಾಟ್. 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬೊಂದು ಕಾಯುವಷ್ಟು ಶಾಖ ನಿಮ್ಮ ವೈರಿಂಗಿನಲ್ಲಿ ಎಲ್ಲೋ ಒಂದು ಕಡೆ ಹುಟ್ಟುತ್ತಿದೆ. ಅಷ್ಟು ಶಾಖ ಗುರುತು ಉಳಿಸದೆ ಇರುವುದಿಲ್ಲ. ಮೊದಲು ಕಣ್ಣಿನಿಂದ ಹುಡುಕಿ: ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಗಡುಸಾಗಿ ಸೀಳಿದ ವೈರಿನ ಹೊದಿಕೆ, ಸುಟ್ಟ ವಾಸನೆ. ಆಮೇಲೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಪೋಸ್ಟಿನಲ್ಲೇ ಬಿಟ್ಟು, ಇನ್ನೊಂದನ್ನು ಬಿ ಪ್ಲಸ್‌ನಿಂದ ಶುರುಮಾಡಿ ಒಂದೊಂದೇ ಜೋಡಣೆ ದಾಟುತ್ತ ಬನ್ನಿ. ಅಂಕಿ ಎಲ್ಲಿ ಥಟ್ಟನೆ ಕುಸಿಯುತ್ತದೆಯೋ ಅದಕ್ಕೆ ಸ್ವಲ್ಪ ಹಿಂದಿನ ಜೋಡಣೆಯೇ ಅಪರಾಧಿ. ಹಲವು ಹಳೆಯ ಗಾಡಿಗಳಲ್ಲಿ ಈ ವೈರ್ ನೇರವಾಗಿ ಬ್ಯಾಟರಿಗೆ ಹೋಗದೆ ಸೆಲ್ಫಿನ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಮೇಲಿನ ದಪ್ಪ ಸ್ಟಡ್ಡಿಗೆ ಬಂದು ಸೇರುತ್ತದೆ, ಮಧ್ಯದಲ್ಲಿ ಒಂದು ಕನೆಕ್ಟರ್ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಮ್ಮೀಟರ್ ಇದ್ದರೆ ಅದರ ಹಿಂದಿನ ನಟ್ಟುಗಳನ್ನೂ ಬಿಡಬೇಡಿ, ಚಾರ್ಜಿಂಗ್ ಕರೆಂಟೆಲ್ಲ ಅವುಗಳ ಮೂಲಕವೇ ಹೋಗುತ್ತದೆ.

ನೆಗೆಟಿವ್ ಕಡೆಯ 0.25 ಕೂಡ ಮಿತಿಗಿಂತ ಸ್ವಲ್ಪ ಹೆಚ್ಚೇ. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನಡುವೆ ಹೆಣೆದ ಅರ್ತ್ ಪಟ್ಟಿ ಇರುತ್ತದೆ. ಅದು ಎಣ್ಣೆ, ಕಿಲುಬು ಹಿಡಿದು ಒಳಗೊಳಗೇ ಎಳೆ ಹರಿದಿರುತ್ತದೆ. ಎರಡೂ ತುದಿ ಬಿಚ್ಚಿ, ಬಾಡಿಯ ಮೇಲಿನ ಬಣ್ಣವನ್ನು ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿ ಹಾಕಿ. ಈ ಪಟ್ಟಿ ಪೂರ್ತಿ ಹೋದ ಗಾಡಿಗಳಲ್ಲಿ ಸೆಲ್ಫಿನ ಕರೆಂಟ್ ಆಕ್ಸಲರೇಟರ್ ಕೇಬಲ್, ಕ್ಲಚ್ ಕೇಬಲ್ಲುಗಳ ಮೂಲಕ ದಾರಿ ಹುಡುಕಿಕೊಂಡು ಅವುಗಳನ್ನು ಕಾಯಿಸಿ ಹಾಳು ಮಾಡುತ್ತದೆ.

ಸುಟ್ಟ ಜಾಗ ಸಿಕ್ಕಿದರೆ ಅದನ್ನು ಉಜ್ಜಿ ಮತ್ತೆ ಒತ್ತಿ ಕೂಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಾಯ್ದ ಹಿತ್ತಾಳೆಯ ಕ್ಲಿಪ್ಪು ಸ್ಪ್ರಿಂಗಿನ ಬಿಗಿಯನ್ನು ಕಳೆದುಕೊಂಡಿರುತ್ತದೆ. ವೈರಿನ ತಾಮ್ರವೂ ಹೊದಿಕೆಯೊಳಗೆ ಬಹಳ ದೂರ ಕಪ್ಪಾಗಿರುತ್ತದೆ, ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಬೇಕು. 45 ಆಂಪಿಯರ್ ಆಲ್ಟರ್ನೇಟರಿಗೆ 10 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದರೆ ಎರಡು ಮೀಟರ್ ಉದ್ದಕ್ಕೆ ಪೂರ್ಣ ಭಾರದಲ್ಲೂ 0.16 ವೋಲ್ಟಿನ ಇಳಿತವಷ್ಟೇ ಬರುತ್ತದೆ. ಹಳೆಯದರಲ್ಲಿ ಫ್ಯೂಸಿಬಲ್ ಲಿಂಕ್ (ಕರೆಂಟ್ ಮಿತಿಮೀರಿದರೆ ಕರಗಿ ಕಡಿಯುವ ವೈರಿನ ತುಂಡು) ಇದ್ದರೆ ಹೊಸದರಲ್ಲೂ ಇರಲಿ. ಇಲ್ಲದಿದ್ದರೆ ಬ್ಯಾಟರಿಯ ತುದಿಯಲ್ಲಿ ಸೂಕ್ತ ಫ್ಯೂಸ್ ಹಾಕಿ, ಏಕೆಂದರೆ ಆ ವೈರ್ ಎಲ್ಲಾದರೂ ಬಾಡಿಗೆ ಉಜ್ಜಿ ತಾಗಿದರೆ ಬೆಂಕಿ ಹತ್ತಿಸುವ ಶಕ್ತಿ ಇರುವುದು ಬ್ಯಾಟರಿಗೆ. ಕೆಲಸ ಶುರುಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಕೇಬಲನ್ನು ಬಿಚ್ಚಿಡಿ, ಬಿ ಪ್ಲಸ್ ಸ್ಟಡ್ಡಿನಲ್ಲಿ ಎಂಜಿನ್ ನಿಂತಿರುವಾಗಲೂ ಬ್ಯಾಟರಿಯ ವಿದ್ಯುತ್ ಇರುತ್ತದೆ. ಆಮ್ಮೀಟರ್ ಇರುವ ಗಾಡಿಯಲ್ಲಿ ಹೀಗೆ ನೇರವಾದ ವೈರ್ ಎಳೆದರೆ ಅದು ಮುಂದೆ ಸರಿಯಾದ ಅಂಕಿ ತೋರಿಸುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಜಾಗ ಸಿಕ್ಕಿತು. ನನ್ನ ಗಾಡಿಯಲ್ಲಿ ಆಮ್ಮೀಟರ್ ಇಲ್ಲ. ಬಿ ಪ್ಲಸ್‌ನಿಂದ ಬರುವ ವೈರ್, ರೇಡಿಯೇಟರಿನ ಪಕ್ಕದ ಒಂದು ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಮುಖ್ಯ ವೈರಿಂಗಿಗೆ ಸೇರುತ್ತದೆ. ಅದರ ಒಂದು ಬದಿಯಲ್ಲಿ 0.85, ಇನ್ನೊಂದು ಬದಿಯಲ್ಲಿ 0.15, ಅಂದರೆ ಆ ಒಂದೇ ಜೋಡಣೆಯಲ್ಲಿ 0.7 ವೋಲ್ಟ್ ಹೋಗುತ್ತಿತ್ತು. ಮೇಲಿನಿಂದ ನೋಡಿದರೆ ಕನೆಕ್ಟರ್ ಬಿಳಿಯಾಗಿಯೇ ಇತ್ತು, ತಿರುಗಿಸಿ ಕೆಳಭಾಗ ನೋಡಿದಾಗ ಕಂದಾಗಿ ಕರಗಿ, ಒಳಗಿನ ಕ್ಲಿಪ್ಪು ನೀಲಿ ಬಣ್ಣಕ್ಕೆ ತಿರುಗಿತ್ತು. ವೈರಿನ ಹೊದಿಕೆ ಸುಲಿದಾಗ ತಾಮ್ರ ಒಂದು ಗೇಣಿನಷ್ಟು ಉದ್ದಕ್ಕೆ ಕಪ್ಪಾಗಿತ್ತು. ನೀವು ಹೇಳಿದ ಗಾತ್ರದ ವೈರನ್ನು ಫ್ಯೂಸ್ ಸಹಿತ ಎಳೆಸಿ, ಎಂಜಿನ್ನಿನ ಅರ್ತ್ ಪಟ್ಟಿಯನ್ನೂ ಬದಲಾಯಿಸಿದ್ದಾಯಿತು.

ಈಗ ಎಲ್ಲ ಲೈಟು, ಬ್ಲೋವರ್ ಹಾಕಿದಾಗ ಬ್ಯಾಟರಿಯ ಮೇಲೆ 14.0, ಆಲ್ಟರ್ನೇಟರಿನ ಮೇಲೆ 14.2. ಕತ್ತಲೆಯಲ್ಲಿ ಕೆಂಪು ದೀಪ ಪೂರ್ತಿ ಆರಿರುತ್ತದೆ. ಹೆಡ್‌ಲೈಟುಗಳ ಬೆಳಕು ಮೊದಲಿಗಿಂತ ಬಿಳಿಯಾಗಿದೆ. ರಾತ್ರಿ ಓಡಿಸಿದ ಮರುದಿನವೂ ಸೆಲ್ಫ್ ಸಲೀಸಾಗಿ ಎಳೆಯುತ್ತಿದೆ.

ಉತ್ತರ 2 ಬರೆದವರು

ಬಹಳ ಸಂತೋಷ. ಇದೇ ತೊಂದರೆಯಿಂದ ಇಲ್ಲಿಗೆ ಬರುವ ಬೇರೆಯವರಿಗಾಗಿ ಒಂದು ವ್ಯತ್ಯಾಸವನ್ನು ಸೇರಿಸುತ್ತೇನೆ. ಕೆಲವು ಗಾಡಿಗಳ ಆಲ್ಟರ್ನೇಟರಿನಲ್ಲಿ ಎಸ್ ಎಂಬ ಇನ್ನೊಂದು ಟರ್ಮಿನಲ್ ಇರುತ್ತದೆ. ಅದರಿಂದ ಹೊರಟ ಸಣ್ಣ ವೈರ್ ಬ್ಯಾಟರಿಯವರೆಗೆ ಹೋಗಿ ಅಲ್ಲಿನ ವೋಲ್ಟೇಜನ್ನು ರೆಗ್ಯುಲೇಟರಿಗೆ ತಿಳಿಸುತ್ತದೆ. ಇಂಥ ಗಾಡಿಯಲ್ಲಿ ಮುಖ್ಯ ವೈರಿನ ಜೋಡಣೆ ಸುಟ್ಟಿದ್ದರೂ ಬ್ಯಾಟರಿಯ ಮೇಲೆ 14 ವೋಲ್ಟ್ ಸರಿಯಾಗಿಯೇ ಕಾಣಬಹುದು, ಏಕೆಂದರೆ ಇಳಿತವನ್ನು ತುಂಬಿಕೊಡಲು ಆಲ್ಟರ್ನೇಟರ್ ತನ್ನ ಬಳಿ 15ರವರೆಗೂ ಏರಿಸುತ್ತಿರುತ್ತದೆ. ಬ್ಯಾಟರಿಯನ್ನು ಮಾತ್ರ ಅಳೆದವರಿಗೆ ಆ ಬಿಸಿ ಜೋಡಣೆ ಕಾಣುವುದೇ ಇಲ್ಲ. ಕೆಡುವುದು ಆ ಸಣ್ಣ ವೈರೇ ಆಗಿದ್ದರೆ ಪರಿಣಾಮ ಬೇರೆ: ಬ್ಯಾಟರಿಯಲ್ಲಿ ಕಡಿಮೆಯಿದೆ ಎಂಬ ತಪ್ಪು ಸುದ್ದಿ ಹೋಗಿ ರೆಗ್ಯುಲೇಟರ್ ಹೆಚ್ಚು ಹೆಚ್ಚು ಚಾರ್ಜ್ ಕೊಡುತ್ತದೆ, ಬ್ಯಾಟರಿಯ ನೀರು ಕುದಿದು ಬೇಗ ಬೇಗ ಇಂಗುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಹೋಗುತ್ತವೆ. ಅಂಥಲ್ಲಿ ರೆಗ್ಯುಲೇಟರ್ ಕೆಟ್ಟಿದೆ ಎಂದು ಬದಲಾಯಿಸುವ ಮುಂಚೆ ಎಸ್ ಟರ್ಮಿನಲ್ ಮತ್ತು ಬ್ಯಾಟರಿಯ ಪಾಸಿಟಿವ್ ಪೋಸ್ಟ್ ನಡುವಿನ ಇಳಿತವನ್ನು ಒಮ್ಮೆ ಅಳೆದುಕೊಳ್ಳಿ.